ಮೀಟರಮ್ಮನ ಸೊಟ್ಟ ಸರಕು

ಮೀಟರಮ್ಮನನ್ನು ನಾನು ಮೊದಲ ಸಲ ತೂಗಿ ನೋಡಿದ್ದು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು. ತೂಕದಲ್ಲಿ ಮೋಸ ಹೋದದ್ದೂ ಅಲ್ಲೇ. ಬಾಗಿಲಿನಿಂದ ಮೊದಲು ಒಳಗೆ ಬಂದದ್ದು ಒಂದು ಕೋಟು. ಅದರೊಳಗೆ ಯಾರೋ ಒಬ್ಬರಿದ್ದಾರೆ ಎಂಬುದು ಸ್ವಲ್ಪ ತಡವಾಗಿ ತಿಳಿಯಿತು. ನೀರು ಸರಬರಾಜು ಕಚೇರಿಯವರು ಯಾವ ಕಾಲದಲ್ಲೋ ಯಾವನೋ ಧಡೂತಿ ಗಂಡಸಿನ ಅಳತೆಗೆ ಹೊಲಿಸಿದ್ದ ಬೂದು ಬಣ್ಣದ ಮಳೆಕೋಟು ಅದು. ತೋಳುಗಳನ್ನು ಮಡಿಸಿ ಮಡಿಸಿ ದಪ್ಪ ಸುರುಳಿ ಮಾಡಿದ್ದರೂ ಬೆರಳ ತುದಿಗಳು ಮಾತ್ರ ಹೊರಗೆ ಇಣುಕುತ್ತಿದ್ದವು, ಜೇಬುಗಳು ಎರಡು ಕಡೆಯೂ ಕತ್ತೆಯ ಮೇಲಿನ ಹೊರೆಯಂತೆ ಜೋಲುತ್ತಿದ್ದವು. ಬಟ್ಟೆ ಹಳತು, ಹೊಲಿಗೆ ಗಟ್ಟಿ, ಗುಂಡಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಳಗಿದ್ದವರು ಐವತ್ತರ ಆಸುಪಾಸಿನವರು, ಕುಳ್ಳು, ಕೊಳ್ಳುವ ಶಕ್ತಿ ಅಷ್ಟಕ್ಕಷ್ಟೆ. ಒಂದು ಲೋಟ ಚಹಾ ಆರುವಷ್ಟರಲ್ಲಿ ಸಾಗಹಾಕಬಹುದಾದ ಗಿರಾಕಿ ಎಂದು ತೀರ್ಮಾನಿಸಿದೆ.

ಹಗ್ಗ, ಮೊಳೆ, ಬೀಗ, ಬಣ್ಣ, ಬೆತ್ತ ಮಾರುವ ಅಂಗಡಿ ನಮ್ಮದು. ಅವರಿಗೆ ಬೇಕಿದ್ದದ್ದು ಒಂದು ಹೊರೆ ಬೆತ್ತದ ಎಳೆ. ಬೆಲೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, ಕಥೆ ಕೇಳುವ ಮಗುವಿನಷ್ಟು ನಿಷ್ಕಪಟವಾಗಿ, “ಆಮೇಲೆ?” ಎಂದರು. ಕಿವಿ ಮಂದವಿರಬೇಕೆಂದು ಬೆಲೆಯನ್ನು ಇನ್ನೊಮ್ಮೆ ಹೇಳಿ, ಸಾಗಣೆಯ ಖರ್ಚನ್ನೂ ವಿವರಿಸಿದೆ. “ಆಮೇಲೆ?” ಬೆತ್ತದ ಗುಣಮಟ್ಟವನ್ನು ವರ್ಣಿಸಿದೆ. “ಆಮೇಲೆ?” ಮಾತು ಮುಗಿದುಹೋಗಿತ್ತು; ಮೌನವನ್ನು ತುಂಬಲು ನನ್ನಲ್ಲಿ ಉಳಿದಿದ್ದದ್ದು ನಿಜವೊಂದೇ. ಆ ಹೊರೆ ಬಹಳ ದಿನದಿಂದ ಗೋದಾಮಿನಲ್ಲೇ ಕೂತಿದೆ, ಈಗ ಎಲ್ಲರೂ ಪ್ಲಾಸ್ಟಿಕ್ಕಿಗೆ ಹೋಗಿದ್ದಾರೆ, ತೆಗೆದುಕೊಂಡು ಹೋದರೆ ನನಗೂ ಜಾಗ ಆಗುತ್ತದೆ ಎಂದುಬಿಟ್ಟೆ. ಅಸಲಿಗೇ ಕೊಟ್ಟದ್ದಲ್ಲದೆ ಕಟ್ಟಲು ಹಗ್ಗವನ್ನೂ ಕೊಟ್ಟೆ. ಬೈದು ಬೆಲೆ ಇಳಿಸಿದವರನ್ನು ಕಂಡಿದ್ದೇನೆ, ಅತ್ತು ಇಳಿಸಿದವರನ್ನೂ ಕಂಡಿದ್ದೇನೆ. ಮುಂದಿನ ಮಾತಿಗೆ ಸುಮ್ಮನೆ ಕಾದು ಇಳಿಸಿದವರು ನನ್ನ ಇಡೀ ವ್ಯಾಪಾರದಲ್ಲಿ ಅವರೊಬ್ಬರೇ.

ವೃತ್ತಿಯಲ್ಲಿ ಅವರು ಮನೆಮನೆಯ ನೀರಿನ ಮೀಟರು ಓದುವವರು. ಮೀಟರೆಂಬುದು ಗೇಟಿನ ಪಕ್ಕದ ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ, ಜೇಡರಬಲೆಯ ನಡುವೆ ಅಡಗಿ ಕೂರುವ ವಸ್ತುವಾದ್ದರಿಂದ, ದಿನವಿಡೀ ಬಗ್ಗಿ ಬಗ್ಗಿ ಅವರ ನಡಿಗೆಯೇ ಮುಂದಕ್ಕೆ ವಾಲಿಬಿಟ್ಟಿತ್ತು. ರಸ್ತೆಯಲ್ಲಿ ಬರುತ್ತಿದ್ದರೆ ಏನನ್ನೋ ಕಳೆದುಕೊಂಡು ಹುಡುಕುವವರಂತೆ ಕಾಣುತ್ತಿದ್ದರು. ಹುಡುಕುತ್ತಿದ್ದದ್ದು ನಿಜವೂ ಹೌದು. ಯಾವ ಮನೆಯ ಯಾವ ಕಿಟಕಿ ಹಗಲೆಲ್ಲ ಮುಚ್ಚಿರುತ್ತದೆ, ಯಾವ ಮೆಟ್ಟಿಲ ಮೇಲೆ ಯಾವ ಹುಡುಗ ಗಲ್ಲಕ್ಕೆ ಕೈಕೊಟ್ಟು ಸಂಜೆಯನ್ನು ಕೊಲ್ಲುತ್ತಾನೆ, ಯಾವ ಹುಡುಗಿ ಅಮ್ಮನೊಂದಿಗೆ ಜಗಳವಾಡಿ ಹಿತ್ತಿಲಲ್ಲಿ ಒಬ್ಬಳೇ ಚೆಂಡನ್ನು ಗೋಡೆಗೆ ಹೊಡೆಯುತ್ತಾಳೆ ಎಂಬುದೆಲ್ಲ ಅವರಿಗೆ ನೀರಿನ ಖರ್ಚಿನಷ್ಟೇ ಖಚಿತವಾಗಿ ಗೊತ್ತಿರುತ್ತಿತ್ತು. ಅವರ ಮೇಲಧಿಕಾರಿ ಒಮ್ಮೆ ನನ್ನ ಅಂಗಡಿಯಲ್ಲೇ ಅವರನ್ನು ಹಿಡಿದು, ನೀರಿನ ಲೆಕ್ಕ ತರಲು ಕಳಿಸಿದರೆ ಜನರ ಲೆಕ್ಕ ತರುತ್ತೀರಲ್ಲ ಎಂದು ಕೆಣಕಿದ್ದರು. ಮೀಟರಮ್ಮ ಬಗ್ಗಿದ ಬೆನ್ನು ನೆಟ್ಟಗೆ ಮಾಡದೆಯೇ, “ಎರಡೂ ಸೋರ್ತಾ ಇರುತ್ತೆ ಸಾರ್, ಯಾರಾದ್ರೂ ನೋಡ್ಬೇಕಲ್ಲ” ಎಂದರು.

ಈ ಜನರ ಲೆಕ್ಕ ಅವರಿಗೆ ಬೇಕಾಗಿದ್ದದ್ದು ಊರಿನಲ್ಲಿ ನಡೆಯುತ್ತಿದ್ದ ಒಂದು ಪದಕದ ಯೋಜನೆಗಾಗಿ. ಹದಿಹರೆಯದವರೂ ಅದನ್ನು ಆಗಷ್ಟೇ ದಾಟಿದವರೂ ಸೇರಬಹುದಾದ ಯೋಜನೆ. ತನಗೆ ಇದುವರೆಗೆ ಬಾರದ ಒಂದು ಕೈಕೆಲಸವನ್ನೋ ಹವ್ಯಾಸವನ್ನೋ ಕಲಿಯಬೇಕು, ಮೈ ಬೆವರುವ ಒಂದು ಆಟ ಆಡಬೇಕು, ಯಾರಿಗಾದರೂ ಉಪಕಾರವಾಗುವ ಒಂದು ಕೆಲಸವನ್ನು ವಾರವಾರವೂ ಮಾಡಬೇಕು, ಕೊನೆಗೆ ಬೆನ್ನಿಗೆ ಗುಡಾರ ಹೊತ್ತು ಗುಂಪಾಗಿ ಗುಡ್ಡ ಸುತ್ತಿ ಬರಬೇಕು. ಬಿಡದೆ ನಡೆಸಿದವರಿಗೆ ಮೊದಲು ಕಂಚು, ಆಮೇಲೆ ಬೆಳ್ಳಿ, ಅದನ್ನೂ ದಾಟಿದವರಿಗೆ ಚಿನ್ನ. ಬಣ್ಣವಷ್ಟೇ ಚಿನ್ನದ್ದು, ನಾನು ಉಗುರಿನಿಂದ ಕೆರೆದು ನೋಡಿದ್ದೇನೆ. ಇಲ್ಲಿ ಯಾರೂ ಯಾರನ್ನೂ ಸೋಲಿಸಬೇಕಿರಲಿಲ್ಲ, ಮೊದಲ ಸ್ಥಾನವೆಂಬುದೇ ಇರಲಿಲ್ಲ. ಪೈಪೋಟಿ ಇಲ್ಲದ ಮಾರುಕಟ್ಟೆ ನಡೆಯುವುದು ಹೇಗೆಂದು ನಾನು ಕೇಳಿದ್ದುಂಟು. ಉತ್ತರವಾಗಿ ಅವರು ಮಾಡಿದ್ದು ಇಷ್ಟೆ: ನನ್ನ ಕೈಯಿಂದ ಒಂದು ಡಬ್ಬಿ ವಾರ್ನಿಷ್ ಪುಕ್ಕಟೆ ಪಡೆದು ಹೋದರು.

ಊರಿನ ಮಟ್ಟಿಗೆ ಯೋಜನೆಯ ಮೇಲ್ವಿಚಾರಕಿ ಅವರೇ, ಸಂಬಳವಿಲ್ಲದೆ. ಅದರ ನಿಯಮಗಳಲ್ಲಿ ಎಲ್ಲೂ ಇಲ್ಲದ ಒಂದು ನಿಯಮವನ್ನು ಮೀಟರಮ್ಮ ತಾವಾಗಿ ಸೇರಿಸಿದ್ದರು. ಸೇರಿದವರು ಕಲಿಯಲು ಕೂತು ಮೊಟ್ಟಮೊದಲು ಮಾಡಿದ ವಸ್ತುವನ್ನು, ಅದು ಎಷ್ಟೇ ಕೆಟ್ಟಿದ್ದರೂ, ಅವರ ಕೈಗೆ ಒಪ್ಪಿಸಬೇಕು. ಪದಕದ ಸಂಜೆ ಗ್ರಂಥಾಲಯದ ಸಭಾಂಗಣದ ಉದ್ದ ಮೇಜಿನ ಮೇಲೆ ಕಡೆಯದಾಗಿ ಮಾಡಿದ್ದರ ಪಕ್ಕದಲ್ಲೇ ಮೊದಲನೆಯದೂ ಇರಬೇಕು. ಮೊದಲನೆಯದಿಲ್ಲದವರಿಗೆ ಮೇಜಿನಲ್ಲಿ ಜಾಗವಿಲ್ಲ. ಮೇಜಿನಲ್ಲಿ ಜಾಗವಿಲ್ಲದವರಿಗೆ ಪದಕವಿಲ್ಲ. ಹೀಗೆ ವರ್ಷವರ್ಷವೂ ಕೂಡಿದ ಮೊದಲುಗಳು ಅವರ ಮನೆಯ ಮುಂದಿನ ಕೋಣೆಯ ಕಪಾಟಿನಲ್ಲಿ ತುಂಬಿ ತುಳುಕುತ್ತಿದ್ದವು. ಹಿಮ್ಮಡಿಯೇ ಇಲ್ಲದ ಕಾಲ್ಚೀಲ. ಮೂರು ಕಾಲು ನೆಲಕ್ಕೆ ತಾಗಿದರೆ ನಾಲ್ಕನೆಯದು ಮುನಿಸಿಕೊಂಡು ಮೇಲೆದ್ದು ನಿಲ್ಲುವ ಸ್ಟೂಲು. ಕುದುರೆಯೆಂದು ಹೇಳಿದ ಮೇಲಷ್ಟೇ ಕುದುರೆಯಾಗುವ ಮರದ ಗೊಂಬೆ. ಒಣಗಿ ಇಟ್ಟಿಗೆಯಾಗಿ, ಮುಂದೆ ಇಟ್ಟಿಗೆಯ ಕೆಲಸವನ್ನೇ ಮಾಡುತ್ತಾ ಕಪಾಟಿನ ಒಂದು ಕಾಲಿಗೆ ಆಸರೆಯಾಗಿದ್ದ ಬ್ರೆಡ್ಡು. ಇದನ್ನೆಲ್ಲ ನನ್ನ ಅಂಗಡಿಯಲ್ಲಿ ಇಟ್ಟರೆ ನಾನು ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ ಎಂದೆ. “ಅದಕ್ಕೇ ಮನೇಲಿ ಇಟ್ಟಿದೀನಿ ಸಾಹುಕಾರ್ರೆ” ಎಂದರು, ನಗದೆ.

ಇನ್ನೊಂದು ಹಟವಿತ್ತು. ಪ್ರತಿ ವರ್ಷವೂ ಹುಡುಗರು ಆರಿಸಿಕೊಂಡ ವಿದ್ಯೆಗಳಲ್ಲಿ ಒಂದಕ್ಕೆ ತಾವೂ ಶಿಷ್ಯೆಯಾಗಿ ಸೇರುತ್ತಿದ್ದರು, ಹಿಂದಿನ ವರ್ಷ ಅದೇ ವಿದ್ಯೆಯಲ್ಲಿ ಪದಕ ಪಡೆದವರ ಕೈಕೆಳಗೆ. ಕಲಿಯುವ ಉತ್ಸಾಹಕ್ಕೂ ಕಲಿತ ವಿದ್ಯೆಗೂ ಅವರಲ್ಲಿ ಯಾವ ನಂಟೂ ಇರಲಿಲ್ಲ. ಅವರ ಈಜು ಮುಳುಗುವುದರ ಒಂದು ನಿಧಾನ ರೂಪ. ಅವರು ಬಿಡಿಸಿದ ಗುಬ್ಬಿಯನ್ನು ಕಂಡು ಪಕ್ಕದ ಮನೆಯ ಮಗು ಹೆದರಿತ್ತು. ಅವರು ಗಿಟಾರು ಹಿಡಿದ ವರ್ಷ ಆ ಬೀದಿಯಲ್ಲಿ ಮೀಟರಿನ ಮುಚ್ಚಳಗಳೆಲ್ಲ ತಾವಾಗಿ ತೆರೆದಿರುತ್ತಿದ್ದವು, ಬೇಗ ಓದಿ ಹೋಗಲಿ ಎಂದು. ಹದಿನೈದರ ಹುಡುಗಿಯೊಬ್ಬಳು ಅವರ ಬೆರಳು ಹಿಡಿದು ತಿದ್ದುವಾಗ ಅವರ ಮುಖದಲ್ಲಿ ನಾಚಿಕೆಯ ಎಳೆಯಿರಲಿ, ನಾಚಬೇಕೆಂಬ ಅರಿವೂ ಇರುತ್ತಿರಲಿಲ್ಲ. ಅದೊಂದು ಬಗೆಯ ಐಶ್ವರ್ಯ ಎಂದು ಆಗ ನನಗೆ ತೋಚಲಿಲ್ಲ. ಬುದ್ಧಿ ಸ್ವಲ್ಪ ಕಮ್ಮಿ ಎಂದುಕೊಂಡಿದ್ದೆ.

ನನ್ನ ಮಗಳ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು.

ಅವಳು ಮೊದಲಿನಿಂದಲೂ ಮೊದಲನೆಯವಳು. ಎಲ್ಲಿ ಮೊದಲನೆಯವಳಾಗಲಾರಳೋ ಅಲ್ಲಿಗೆ ಕಾಲಿಡಳು. ಈಜಲು ಕಳಿಸಿದರೆ ಮೂಗಿಗೆ ನೀರು ಹೋದದ್ದೇ ನೆಪವಾಗಿ ಮೊದಲ ದಿನವೇ ಒದ್ದೆ ಕೂದಲಲ್ಲಿ ಮನೆಗೆ ಬಂದಳು. ಹಾಡಲು ಕಳಿಸಿದರೆ ಗುರುಗಳು ಎರಡನೇ ಸಾಲಿಗೇ ತಿದ್ದಿದರೆಂದು ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಓದೊಂದು ಮಾತ್ರ ಕೈಬಿಡದೆ ಕಾಪಾಡಿತ್ತು. ಬಂದವರ ಮುಂದೆ ನಾನೂ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಮಾಲಿನಂತೆ ತೋರಿಸುತ್ತಿದ್ದೆ. ಹದಿನೇಳರಲ್ಲಿ, ತಾನು ಬಯಸಿದ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಅವಳ ಹೆಸರು ಬರಲಿಲ್ಲ. ಬೇರೆ ಕಾಲೇಜುಗಳಿದ್ದವು. ಅವಳು ಅವುಗಳ ಮಾತೆತ್ತಲಿಲ್ಲ, ಅಳಲೂ ಇಲ್ಲ. ಕೋಣೆಗೆ ಹೋಗಿ ಕಿಟಕಿಯ ಬಳಿ ಕುಳಿತಳು. ತಿಂಗಳುಗಟ್ಟಲೆ ಅಲ್ಲೇ ಕುಳಿತಳು. ಊಟಕ್ಕೆ ಬರುವಳು, ತಟ್ಟೆ ತೊಳೆದಿಡುವಳು, ಹೋಗುವಳು. ನಾನೂ ಹೆಂಡತಿಯೂ ಮನೆಯಲ್ಲಿ ತುದಿಗಾಲಿನಲ್ಲಿ ನಡೆಯುತ್ತಿದ್ದೆವು. ಅಪರೂಪಕ್ಕೆ ಅವಳು ಸಾರು ಮಾಡಿ ಎರಡು ಸಲ ಉಪ್ಪು ಹಾಕಿದ್ದರೂ ಚೆನ್ನಾಗಿದೆ ಎಂದು ಉಣ್ಣುತ್ತಿದ್ದೆವು. ಅವಳ ಅಮ್ಮ ಒಂದು ದಿನ ನನ್ನ ಹತ್ತಿರ, “ಇವಳು ಹೀಗೇ ಇದ್ದುಬಿಟ್ಟರೆ?” ಎಂದು ಕೇಳಿದಳು. ಎಲ್ಲದಕ್ಕೂ ಬೆಲೆ ಹೇಳುವ ನಾನು ಅಂದು ಅಂಗಡಿಯ ಲೆಕ್ಕದ ಪುಸ್ತಕ ತೆರೆದು ಕುಳಿತೆ.

ಮೀಟರಮ್ಮ ಬಂದದ್ದು ಮೀಟರು ಓದಲು. ನಮ್ಮ ಗುಂಡಿಯ ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು; ಕಬ್ಬಿಣದ ಅಂಗಡಿಯವನ ಮನೆಯಲ್ಲೇ ಹೀಗೆ ಎಂದು ನನ್ನನ್ನು ಚುಚ್ಚಿ, ಕಿಟಕಿಯತ್ತ ತಿರುಗಿ, “ಏನಮ್ಮಾ, ಬಂದು ಟಾರ್ಚ್ ಹಿಡಿ” ಎಂದರು. ಕೇಳಿಕೊಂಡದ್ದಲ್ಲ, ಹೇಳಿದ್ದು. ಮಗಳು ಯಾಕೆ ಎದ್ದಳೋ, ಎದ್ದು ಬಂದಳು. ಮುಚ್ಚಳ ತೆಗೆದ ಮೇಲೆ ಅಂಕಿಗಳನ್ನು ಓದಲು ಅವಳಿಗೇ ಹೇಳಿದರು. ಅವಳು ಗುಂಡಿಯ ಆಚೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ತಲೆಕೆಳಗಾಗಿ ಓದಿದಳು.

“ತಪ್ಪು” ಎಂದರು ಮೀಟರಮ್ಮ, ಗಂಟೆ ಎಷ್ಟಾಯಿತೆಂದು ಹೇಳುವ ದನಿಯಲ್ಲಿ. “ಈ ಕಡೆ ಬಂದು ಓದು.”

ತಪ್ಪು ಎಂಬ ಶಬ್ದ ನಮ್ಮ ಮನೆಯಲ್ಲಿ ತಿಂಗಳುಗಳಿಂದ ನಿಷಿದ್ಧವಾಗಿತ್ತು. ಮಗಳು ಒಂದು ಗಳಿಗೆ ಅವರ ಮುಖ ನೋಡಿದಳು, ಎದ್ದು ಈ ಕಡೆ ಬಂದಳು, ಓದಿದಳು. ಸರಿಯಿತ್ತು. ಮೀಟರಮ್ಮ ಶಹಬಾಸ್ ಎನ್ನಲೂ ಇಲ್ಲ, ಬರೆದುಕೊಂಡು, “ಆಮೇಲೆ?” ಎಂದರು. ಆಮೇಲೆ ಏನು ಎಂದು ಮಗಳು ಕೇಳಿದಳು. “ನಿನಗೇನು ಬರಲ್ಲ?” ಎಂದು ಅವರು ಕೇಳಿದರು. ಏನು ಬರುತ್ತದೆ ಎಂದು ಲೋಕವೆಲ್ಲ ಕೇಳಿದ್ದ ಹುಡುಗಿಗೆ ಈ ಪ್ರಶ್ನೆ ಹೊಸದು. ಬಹಳ ಹೊತ್ತು ಯೋಚಿಸಿ, ಕೈಯಲ್ಲಿ ಮಾಡೋದು ಯಾವುದೂ ಬರಲ್ಲ ಎಂದಳು. ಹಾಗಾದರೆ ಭಾನುವಾರ ಬಾ ಎಂದು ಹೇಳಿ, ಗುಂಡಿ ಮುಚ್ಚಿ, ಪಕ್ಕದ ಮನೆಯತ್ತ ವಾಲಿಕೊಂಡು ಹೋದರು.

ಆ ವರ್ಷ ಬುಟ್ಟಿ ಹೆಣೆಯುವುದನ್ನು ಕಲಿಸುತ್ತಿದ್ದವನು ಕ್ಷೌರದ ಅಂಗಡಿಯ ಒಬ್ಬ ತರುಣ. ಹಿಂದಿನ ವರ್ಷ ತಾನೇ ಕಲಿತು ಬೆಳ್ಳಿ ಪಡೆದಿದ್ದ. ಹುಡುಗರು ಕತ್ತರಿ ಅಣ್ಣ ಎನ್ನುತ್ತಿದ್ದರು. ಶಿಷ್ಯರು ನನ್ನ ಮಗಳು, ಮೀಟರಮ್ಮ, ಇನ್ನೂ ಕೆಲವರು. ಬೆತ್ತದ ಎಳೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಆಧಾರದ ಕಡ್ಡಿಗಳನ್ನು ನಕ್ಷತ್ರದಂತೆ ಹರಡಿ, ಅವುಗಳ ಒಳಗೊಮ್ಮೆ ಹೊರಗೊಮ್ಮೆ ಎಳೆಯನ್ನು ನುಸುಳಿಸುತ್ತಾ ಸುತ್ತಬೇಕು. ಎಳೆತ ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾದರೆ ಬುಟ್ಟಿ ಬಿಗಿಯಾದ ಕಡೆಗೆ ವಾಲುತ್ತದೆ. ಮಗಳ ಮೊದಲ ಬುಟ್ಟಿ ವಾಲಿದ್ದು ಮಾತ್ರವಲ್ಲ, ತಳ ಉಬ್ಬಿ, ನೆಲದ ಮೇಲಿಟ್ಟರೆ ತೂಗುತ್ತಿತ್ತು, ಬಾಯಿ ಆಕಳಿಸಿದಂತೆ ಒಂದು ಕಡೆಗೆ ತೆರೆದಿತ್ತು. ಕತ್ತರಿ ಅಣ್ಣ ಅದನ್ನು ಮೇಲೆತ್ತಿ ಹಿಡಿದು, ಕೂದಲಾಗಿದ್ದರೆ ಬೋಳಿಸಿ ಮತ್ತೆ ಬೆಳೆಸೋಣ ಎನ್ನಬಹುದಿತ್ತು ಎಂದನಂತೆ. ಎಲ್ಲರೂ ನಕ್ಕರಂತೆ, ಅವಳೊಬ್ಬಳನ್ನು ಬಿಟ್ಟು. ಬುಟ್ಟಿ ಮೀಟರಮ್ಮನ ಕಪಾಟಿಗೆ ಹೋಯಿತು, ಕಣ್ಣಿನ ಮಟ್ಟದ ಹಲಗೆಗೆ.

ಅಲ್ಲಿ ಅದು ಒಂದು ವಾರವೂ ಇರಲಿಲ್ಲ. ಯಾರಿಗೂ ಹೇಳದೆ ಮಗಳು ಆ ಮನೆಗೆ ಹೋಗಿ, ಮೀಟರಮ್ಮ ಅಡುಗೆಮನೆಯಲ್ಲಿ ಚಹಾ ಕಾಸುತ್ತಿದ್ದಾಗ ಬುಟ್ಟಿಯನ್ನು ತೆಗೆದು, ಸೈಕಲ್ಲಿನಲ್ಲಿ ಸೇತುವೆಯವರೆಗೆ ಕೊಂಡೊಯ್ದು ಹೊಳೆಗೆ ಎಸೆದುಬಿಟ್ಟಳು. ಇದು ನನಗೆ ತಿಳಿದದ್ದು ವರ್ಷ ಮುಗಿಯುತ್ತಾ ಬಂದಾಗ.

ಎಸೆದವಳು ಕಲಿಯುವುದನ್ನೂ ಬಿಟ್ಟಾಳೆಂದು ಯಾರಾದರೂ ಊಹಿಸುತ್ತಿದ್ದರು. ಬಿಡಲಿಲ್ಲ. ಪಕ್ಕದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ ಮೀಟರಮ್ಮನದು ವಾರದಿಂದ ವಾರಕ್ಕೆ ಇನ್ನೂ ಕೆಡುತ್ತಿತ್ತಂತೆ. ಅವರು ಪ್ರತಿಯೊಂದನ್ನೂ ಮಡಿಲಲ್ಲಿಟ್ಟುಕೊಂಡು, ಯಾರ ಮಗುವೋ ಎಂಬಂತೆ ಕುತೂಹಲದಿಂದ ನೋಡಿ, ಇನ್ನೊಂದಕ್ಕೆ ಕೈಹಾಕುತ್ತಿದ್ದರಂತೆ. ಅಷ್ಟು ಕೆಟ್ಟದಾಗಿ ಮಾಡಿಯೂ ಒಬ್ಬರು ಚಹಾ ಕುಡಿದು ನೆಮ್ಮದಿಯಾಗಿ ಮನೆಗೆ ಹೋಗಬಹುದು ಎಂಬುದನ್ನು ನನ್ನ ಮಗಳು ಭಾನುವಾರದಿಂದ ಭಾನುವಾರಕ್ಕೆ ಬೆರಗಾಗಿ ನೋಡಿದಳು. ಬೆರಳಿಗೆ ಗಾಯವಾಯಿತು, ಒಣಗಿತು, ಚರ್ಮ ಗಟ್ಟಿಯಾಯಿತು. ಮನೆಯಲ್ಲಿ ಬುಟ್ಟಿಗಳು ಮೆಲ್ಲಮೆಲ್ಲನೆ ನೇರವಾದವು. ಈರುಳ್ಳಿಗೊಂದು, ಬಟ್ಟೆಗೊಂದು, ನನ್ನ ಕನ್ನಡಕಕ್ಕೊಂದು. ಸಂಜೆ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕಲು ಹೋದಳು, ಗುಂಪಿನೊಂದಿಗೆ ಗುಡ್ಡ ಹತ್ತಿ ಮೂಗು ಸುಟ್ಟುಕೊಂಡು ಬಂದಳು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದಾಗ ಅವಳ ಅಮ್ಮ ಧೈರ್ಯ ಮಾಡಿ, “ಉಪ್ಪು ಜಾಸ್ತಿ ಆಯ್ತು ಕಣೇ” ಎಂದಳು. “ಹೌದಲ್ವಾ?” ಎಂದು ಮಗಳು ನೀರು ಬೆರೆಸಿದಳು. ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದು ಆ ನೀರು ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡೆ.

ಪದಕದ ಸಂಜೆಗೆ ಒಂದು ವಾರವಿರುವಾಗ ಅವಳು ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೂ ಕಾದು, ಹೊಳೆಯ ಕಥೆಯನ್ನು ಹೇಳಿದಳು. ಮೊದಲನೆಯದು ಇಲ್ಲ, ಮೇಜು ಇಲ್ಲ, ಕಂಚು ಇಲ್ಲ. ನನಗೆ ಭಯವಾದದ್ದು ಕಂಚಿಗಾಗಿ ಅಲ್ಲ. ಅಷ್ಟು ಕಷ್ಟಪಟ್ಟು ಹೊರಗೆ ಬಂದವಳು ಇನ್ನೊಂದು ಇಲ್ಲ ಎಂಬ ಮಾತಿಗೆ ಮತ್ತೆ ಆ ಕಿಟಕಿಗೆ ಹೋಗಿ ಕೂತರೆ? ವ್ಯಾಪಾರಿಯ ಬುದ್ಧಿ ಥಟ್ಟನೆ ಓಡಿತು. ಅದಕ್ಕೇನಂತೆ, ಇನ್ನೊಂದು ಕೆಟ್ಟ ಬುಟ್ಟಿ ಹೆಣೆ, ಕೆಟ್ಟದ್ದನ್ನು ಮಾಡುವುದು ಯಾವ ದೊಡ್ಡ ವಿದ್ಯೆ ಎಂದೆ.

ಅವಳು ಕೂತಳು. ಮೊದಲನೆಯದು ಹೇಗಿತ್ತೋ ಹಾಗೆಯೇ ಮಾಡಲು, ಎಳೆಯನ್ನು ಬೇಕೆಂದೇ ಸಡಿಲ ಬಿಟ್ಟಳು. ಕೈ ಮುಂದಿನ ಸುತ್ತಿನಲ್ಲಿ ತಾನಾಗಿ ಬಿಗಿದುಕೊಂಡಿತು. ಕಣ್ಣು ಮುಚ್ಚಿ ಹೆಣೆದಳು. ಇನ್ನೂ ಚೆನ್ನಾಗಿ ಬಂತು. ಎಡಗೈಯಲ್ಲಿ ಹೆಣೆದಳು, ಅದು ನಿಧಾನವಾಯಿತೇ ಹೊರತು ಸೊಟ್ಟವಾಗಲಿಲ್ಲ. ಹಜಾರದ ತುಂಬ ಬೆತ್ತದ ತುಣುಕು, ಒದ್ದೆ ನೆಲ, ನಡುವೆ ಕೂದಲು ಕೆದರಿಕೊಂಡು ಅವಳು. “ಬರ್ತಾ ಇಲ್ಲಪ್ಪ” ಎಂದಳು. “ಎಷ್ಟು ಮಾಡಿದ್ರೂ ಸೊಟ್ಟ ಬರ್ತಾ ಇಲ್ಲ.” ಒಂದನ್ನು ಕಾಲಿನಿಂದ ತುಳಿದುಬಿಟ್ಟರೆ ಕೆಲಸ ಮುಗಿಯಿತಲ್ಲ ಎಂದೆ ನಾನು.

“ಅದು ತುಳಿದ ಬುಟ್ಟಿ ಆಗುತ್ತೆ” ಎಂದಳು. “ನಂದು ಹುಟ್ಟುತ್ತಲೇ ಸೊಟ್ಟ ಇತ್ತು.”

ಕೊನೆಗೆ ಅವನ್ನೆಲ್ಲ ಒಂದು ಹಗ್ಗಕ್ಕೆ ಕೋದುಕೊಂಡು ತಂದೆ ಮಗಳು ಮೀಟರಮ್ಮನ ಮನೆಗೆ ಹೋದೆವು. ಕಪಾಟಿನ ಕಣ್ಣಿನ ಮಟ್ಟದ ಹಲಗೆಯಲ್ಲಿ, ಹಿಮ್ಮಡಿಯಿಲ್ಲದ ಕಾಲ್ಚೀಲಕ್ಕೂ ಕುದುರೆಗೂ ನಡುವೆ, ಒಂದು ಬುಟ್ಟಿ ಹಿಡಿಸುವಷ್ಟು ಜಾಗ ಖಾಲಿಯಿತ್ತು. ಕೆಳಗಿನ ಹಲಗೆಗಳಲ್ಲಿ ಒಂದರ ಮೇಲೊಂದು ಒಟ್ಟಿದ್ದರೂ ಆ ಜಾಗಕ್ಕೆ ಏನನ್ನೂ ಇಟ್ಟಿರಲಿಲ್ಲ. ಮಗಳು ಅದನ್ನು ನೋಡಿ ನಿಂತುಬಿಟ್ಟಳು.

“ನಿಮಗೆ ಗೊತ್ತಿತ್ತಾ ಅಕ್ಕ?”

“ದಿನಾ ಒರೆಸೋ ಕಪಾಟು. ಗೊತ್ತಾಗದೆ ಇರುತ್ತಾ?”

“ಮತ್ತೆ ಯಾಕೆ ಕೇಳಲಿಲ್ಲ?”

“ಹೇಳ್ತೀಯಾ ಅಂತಿದ್ದೆ. ಎಲ್ಲಿ ಹಾಕಿದೆ?”

“ಹೊಳೆಗೆ.”

“ತೇಲ್ತಾ?”

“ತೇಲ್ತು.”

“ನೋಡು” ಎಂದರು ಮೀಟರಮ್ಮ, “ಅಷ್ಟಾದ್ರೂ ಬಂದಿತ್ತು ನಿನಗೆ.”

ಆಮೇಲೆ ನೆಲದ ಮೇಲೆ ಕೂತು, ಕೋಟಿನ ತೋಳು ಸರಿಸಿ, ತಂದಿದ್ದ ಬುಟ್ಟಿಗಳನ್ನು ಒಂದೊಂದಾಗಿ ನೆಲಕ್ಕಿಟ್ಟು ಬೆರಳಿನಿಂದ ತಳ್ಳಿ ನೋಡಿದರು. ಯಾವುದೂ ತೂಗಲಿಲ್ಲ. ಎಲ್ಲವೂ ಒಳ್ಳೆಯ ಮನೆತನದ ಹೆಣ್ಣುಮಕ್ಕಳಂತೆ ಗಂಭೀರವಾಗಿ ಕೂತವು. ನಾನು ಗಂಟಲು ಸರಿಮಾಡಿಕೊಂಡು, ನಿಯಮ ನೀವೇ ಮಾಡಿದ್ದಲ್ಲವೇ, ಮೇಲಿನ ಕಚೇರಿಯವರು ಕೇಳುವುದೂ ಇಲ್ಲ, ಮಗುವಿನ ವಿಷಯ, ಸ್ವಲ್ಪ ಸಡಿಲ ಮಾಡಿ ಎಂದು ಚೌಕಾಸಿಗೆ ಇಳಿದೆ. ಅವರ ಹಟ ಅಲುಗಲಿಲ್ಲ. ನನ್ನತ್ತ ತಿರುಗಲೂ ಇಲ್ಲ.

“ಇವು ಯಾವುದೂ ಮೊದಲನೆಯದಲ್ಲಮ್ಮ” ಎಂದು ಅವಳಿಗೆ ಹೇಳಿದರು. “ಅದನ್ನ ಮಾಡಿದ ಕೈ ಈಗ ನಿನ್ನ ಹತ್ತಿರ ಇಲ್ಲ. ಈ ಸಲ ಪದಕ ಇಲ್ಲ.”

ನಾನು ಮಗಳ ಮುಖವನ್ನು ನೋಡಲಾರದೆ ಬ್ರೆಡ್ಡಿನ ಇಟ್ಟಿಗೆಯನ್ನು ನೋಡುತ್ತಾ ನಿಂತೆ. ಮೀಟರಮ್ಮ ಅದೇ ಹಳೆಯ ನಿಷ್ಕಪಟ ದನಿಯಲ್ಲಿ, “ಆಮೇಲೆ?” ಎಂದರು.

“ಆಮೇಲೆ...” ಎಂದಳು ಮಗಳು. ಬುಟ್ಟಿಗಳನ್ನು ಮತ್ತೆ ಹಗ್ಗಕ್ಕೆ ಪೋಣಿಸತೊಡಗಿದಳು. “ಬರೋ ವರ್ಷ ಬೇರೆ ಏನಾದ್ರೂ ಕಲೀತೀನಿ. ಅದಂತೂ ಕೆಟ್ಟದಾಗಿ ಬರುತ್ತಲ್ಲ, ಅದನ್ನ ಇಟ್ಟುಕೊಳ್ಳಿ. ಈ ಸಲ ಕದಿಯಲ್ಲ.”

ಪದಕದ ಸಂಜೆ ಅವಳು ಸಭಿಕರ ಸಾಲಿನಲ್ಲಿ ನಮ್ಮಿಬ್ಬರ ನಡುವೆ ಕೂತು, ಉಳಿದವರ ಹೆಸರು ಕೂಗಿದಾಗಲೆಲ್ಲ ಚಪ್ಪಾಳೆ ತಟ್ಟಿದಳು. ನನ್ನ ಹೆಂಡತಿ ಮಾತ್ರ ಮೀಟರಮ್ಮನ ಮೇಲಿನ ಸಿಟ್ಟಿಗೆ ಒಂದು ತಿಂಗಳು ಗೇಟಿಗೆ ಬೀಗ ಹಾಕಿಸಿದ್ದಳು. ಬೀಗವೂ ನಮ್ಮ ಅಂಗಡಿಯದೇ ಆದ್ದರಿಂದ ಅವರು ಅದನ್ನು ಒಂದು ಹೇರ್‌ಪಿನ್ನಿನಲ್ಲಿ ತೆಗೆದು ಒಳಗೆ ಬಂದರು. ಬೀಗ ರಿಪೇರಿ ಕಲಿತ ವರ್ಷವೊಂದಿತ್ತಂತೆ. ಅವರಿಗೆ ಬಂದ ವಿದ್ಯೆ ಅದೊಂದೇ ಇರಬೇಕು, ಅಥವಾ ನನ್ನ ಬೀಗಗಳ ಯೋಗ್ಯತೆಯೇ ಅಷ್ಟು. ಹೆಚ್ಚು ವಿಚಾರಿಸಲು ಹೋಗಲಿಲ್ಲ.

ಮರುವರ್ಷ ಮಗಳು ಕೈಗೆತ್ತಿಕೊಂಡದ್ದು ತುತ್ತೂರಿ. ಊರಿನ ಎಷ್ಟೋ ವಾದ್ಯಗಳಲ್ಲಿ ನೆರೆಹೊರೆಯವರಿಗೆ ಅತ್ಯಂತ ಚೆನ್ನಾಗಿ ಕೇಳಿಸುವುದನ್ನೇ ಆರಿಸಿದ್ದಳು. ಅಷ್ಟರಲ್ಲಿ ಅವಳು ಒಂದು ಸಾಧಾರಣ ಕಾಲೇಜಿಗೂ ಸೇರಿದ್ದಳು. ತುತ್ತೂರಿಯಲ್ಲಿ ಮೊದಲು ಮಾಡಿದ ವಸ್ತುವೆಂದರೆ ಶಬ್ದ. ಅದನ್ನು ಕಪಾಟಿನಲ್ಲಿ ಇಡುವುದು ಹೇಗೆ? ಮೀಟರಮ್ಮ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ಹೊತ್ತು ತಂದು, ಮೊದಲ ದಿನದ ಮೊದಲ ಊದುವಿಕೆಯನ್ನು ಕ್ಯಾಸೆಟ್ಟಿಗೆ ಹಿಡಿದು, ಆ ಖಾಲಿ ಜಾಗದಲ್ಲಿಟ್ಟರು. ಪದಕದ ಸಂಜೆ ಸಭಾಂಗಣದಲ್ಲಿ ಆ ಕ್ಯಾಸೆಟ್ ಹಾಕಿದಾಗ ಹೊರಗೆ ನಿಂತಿದ್ದ ನಾಯಿಗಳು ಎದ್ದು ಹೋದವು. ಏನದು ಎಂದು ಹೇಳುವುದು ಕಷ್ಟ. ಬಾಗಿಲಿನ ಸಂದಿಗೆ ಸಿಕ್ಕಿದ ಬಾತುಕೋಳಿಗೂ ಪ್ರಾಣ ಬಿಡುತ್ತಿರುವ ಲಾರಿಗೂ ನಡುವಿನ ಯಾವುದೋ ಸ್ವರ. ಪಕ್ಕದ ಸಾಲಿನವರು ಮುಖ ಮುಚ್ಚಿಕೊಂಡು ನಕ್ಕರು, ಮುಖ್ಯ ಅತಿಥಿಗಳು ಮುಖ ಮುಚ್ಚಿಕೊಳ್ಳದೆ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ, ವೇದಿಕೆಯ ಮೇಲೆ ತುತ್ತೂರಿ ಹಿಡಿದು ನಿಂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನನ್ನ ಮಗಳು. ನಗು ತಡೆದು ತುತ್ತೂರಿಯನ್ನು ತುಟಿಗಿಡಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ನುಡಿಸಿದ್ದು ಚೆನ್ನಾಗಿತ್ತೋ ಇಲ್ಲವೋ ನಾನು ಹೇಳಲಾರೆ. ಆ ನಗುವಿನ ನಂತರ ನನ್ನ ಕಿವಿಗೆ ಬೇರೆ ಏನೂ ಸರಿಯಾಗಿ ಕೇಳಿಸಲಿಲ್ಲ.

ಈಗ ಮೀಟರುಗಳನ್ನು ಯಾರೂ ಬಗ್ಗಿ ಓದುವುದಿಲ್ಲ. ಯಾವುದೋ ಯಂತ್ರ ಕಚೇರಿಯಲ್ಲೇ ಕೂತು ಓದಿಕೊಳ್ಳುತ್ತದೆ. ಗುಂಡಿಗಳ ಮುಚ್ಚಳದ ಮೇಲೆ ಹುಲ್ಲು ಬೆಳೆದಿದೆ. ಮೀಟರಮ್ಮ ನಿವೃತ್ತರಾಗಿ ತಂಗಿಯ ಊರಿಗೆ ಹೋದರು. ಅಲ್ಲಿ ಹಗ್ಗದ ಮೇಲೆ ನಡೆಯುವುದನ್ನು ಕಲಿಯುತ್ತಿದ್ದಾರೆಂದು ಯಾರೋ ಹೇಳಿದರು, ನಾನು ನಂಬಿದೆ. ಹೋಗುವ ಮುಂಚೆ ಕಪಾಟನ್ನು ನನ್ನ ಅಂಗಡಿಗೆ ಸಾಗಿಸಿದರು. ಪದಕ ಪಡೆದವರು ತಮ್ಮ ಮೊದಲುಗಳನ್ನು ಮನೆಗೆ ಕೊಂಡೊಯ್ದಿದ್ದಾರೆ. ಉಳಿದಿರುವುದು ನಡುವೆಯೇ ಬಿಟ್ಟುಹೋದವರದು. ಮಾರಬೇಡಿ, ಎಸೆಯಬೇಡಿ, ಕಾಣುವ ಹಾಗೆ ಇಡಿ ಎಂದರು. ಬೆಲೆಯಿಲ್ಲದ ಸರಕನ್ನು ಮುಂದಿನ ಸಾಲಿನಲ್ಲಿ ಇಟ್ಟುಕೊಂಡ ವ್ಯಾಪಾರಿ ಈ ಬೀದಿಯಲ್ಲಿ ನಾನೊಬ್ಬನೇ. ಆಗಾಗ ಯಾರೋ ತಲೆ ನರೆತವರು ಬಂದು, ಒಂದು ಡಬ್ಬಿ ಮೊಳೆ ಕೇಳಿ, ಕಣ್ಣನ್ನು ಕಪಾಟಿನ ಮೇಲೆ ಆಡಿಸಿ, ಇಲ್ಲಿ ಒಂದು ಕಾಲ್ಚೀಲ ಇತ್ತಂತಲ್ಲ ಎನ್ನುತ್ತಾರೆ. ತೆಗೆದು ಕೊಡುತ್ತೇನೆ. ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಾನು ಚಿಲ್ಲರೆ ಎಣಿಸುವವನಂತೆ ತಲೆ ತಗ್ಗಿಸಿ, “ಆಮೇಲೆ?” ಎನ್ನುತ್ತೇನೆ. ಕೆಲವರು ಮಾತಾಡದೆ ಹೋಗುತ್ತಾರೆ. ಕೆಲವರು ಉಣ್ಣೆಯ ನೂಲು ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ.

ಲೋಕದಲ್ಲಿ ಗುರುಗಳೆನಿಸಿಕೊಂಡವರು ಬಹಳ. ತಮಗೆ ಬಂದದ್ದನ್ನು ಕೊಟ್ಟು, ಬಾರದ್ದನ್ನು ಮರೆಮಾಡಿ, ಶಿಷ್ಯರ ಕೊನೆಯ ಗೆಲುವಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೀಟರಮ್ಮನಂಥವರು ಬೇರೆ ಜಾತಿ. ಅವರು ಯಾವುದರಲ್ಲೂ ನಿಪುಣರಲ್ಲ. ನಮ್ಮ ಮೊದಲ ಸೋಲನ್ನು ಕೈಯಲ್ಲಿ ಹಿಡಿದು, ಹೀಯಾಳಿಸದೆ, ಹೊಗಳದೆ, ಕರುಣೆಯ ಹೆಸರಿನಲ್ಲಿ ರಿಯಾಯಿತಿಯನ್ನೂ ಕೊಡದೆ, ದಿನವೂ ಧೂಳು ಒರೆಸಿ ಕಾಯುತ್ತಾರೆ. ಅವರು ಕಾಯುತ್ತಿದ್ದಾರೆ ಎಂಬ ಒಂದೇ ಭರವಸೆಯ ಮೇಲೆ ಎಷ್ಟೋ ಕೈಗಳು ಎರಡನೆಯದಕ್ಕೆ ತೊಡಗುತ್ತವೆ. ಇಂಥವರಿಗೆ ಯಾರೂ ಪದಕ ಕೊಡುವುದಿಲ್ಲ. ಕೊಟ್ಟರೆ ಅವರು ಅದರ ಪಕ್ಕದಲ್ಲಿಡಲು ಮೊದಲನೆಯದು ಎಲ್ಲಿ ಎಂದು ಕೇಳಿಯಾರು.

ನನ್ನ ಮಗಳು ಕಿಟಕಿಯ ಬಳಿಯಿಂದ ಎದ್ದು ಬಂದಳು. ತಪ್ಪು ಮಾಡಿ ನಗುವುದನ್ನು ಕಲಿತಳು. ಅದು ನಾನು ಕಲಿಸಿದ್ದಲ್ಲ, ಮೀಟರಮ್ಮ ಕಲಿಸಿದ್ದು. ಆ ಋಣ ನನ್ನ ಮೇಲೆ ಹಾಗೆಯೇ ಇದೆ.